ಕೈ ಕೊಡಿಸಿ ಕಳಿಸುವ ರಾಜಿ ಬೇಡ: ಹುಡುಗರ ಕಾಟ ಚಾಕುವಿನ ತನಕ ಹೋಗದಿರಲು

ಮಾನ್ಯ ಸಂಪಾದಕರೇ,

2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯ ಬಡಾವಣೆಯೊಂದರಲ್ಲಿ ಆಟದ ನಡುವೆ ಎದ್ದ ಜಗಳದಲ್ಲಿ ಶಾಲಾ ಬಾಲಕನೊಬ್ಬ ಚಾಕು ಇರಿತದಿಂದ ಜೀವ ಬಿಟ್ಟ. ಇರಿದವನೂ ಶಾಲೆಗೆ ಹೋಗುವ ಹುಡುಗನೇ. ಇಂಥ ಸುದ್ದಿ ಬಂದಾಗಲೆಲ್ಲ ನಾವು ಮೊಬೈಲನ್ನು ಬೈಯುತ್ತೇವೆ, ಸಿನಿಮಾ ಬೈಯುತ್ತೇವೆ, ಹೆತ್ತವರನ್ನು ಬೈಯುತ್ತೇವೆ. ಮಧ್ಯಾಹ್ನದ ಬಿಡುವಿನಲ್ಲಿ ಶೌಚಾಲಯದ ಹಿಂಬದಿ ಯಾರು ನಿಲ್ಲಬೇಕು, ಶಾಲೆ ಬಿಟ್ಟ ಮೇಲಿನ ಅರ್ಧ ತಾಸು ಯಾರ ಕಣ್ಣಿಗೆ ಬೀಳಬೇಕು ಎಂಬ ಮಾತಿಗೆ ಮಾತ್ರ ಬರುವುದಿಲ್ಲ. ಅವಳಿ ನಗರ ಮತ್ತು ಸುತ್ತಲಿನ ತಾಲ್ಲೂಕುಗಳಲ್ಲಿ ಹೈಸ್ಕೂಲು, ಪಿಯು ಮಕ್ಕಳ ಜೊತೆ ಕೆಲಸ ಮಾಡುವ ಶಿಕ್ಷಕರು, ಆಪ್ತಸಮಾಲೋಚಕರು ನಾವು. ಆ ಮಾತಿಗೇ ಬರಲು ಈ ಪತ್ರ.

ಮೊದಲು ಒಂದು ವ್ಯತ್ಯಾಸ ತಿಳಿಯಬೇಕು. ಜಗಳ ಬೇರೆ, ಕಾಟ ಬೇರೆ. ಸರಿಸಮನಾದ ಇಬ್ಬರು ಹುಡುಗರು ಕ್ರಿಕೆಟ್ ಔಟಿಗೋ ಬೆಂಚಿನ ಜಾಗಕ್ಕೋ ಬಡಿದಾಡಿದರೆ ಅದು ಜಗಳ. ಇಬ್ಬರಿಗೂ ಸಿಟ್ಟಿರುತ್ತದೆ, ಎರಡು ದಿನಕ್ಕೆ ಇಳಿಯುತ್ತದೆ. ಕಾಟದಲ್ಲಿ ಒಂದು ಕಡೆ ಬಲ ಹೆಚ್ಚು. ವಯಸ್ಸಿನ ಬಲ, ಗುಂಪಿನ ಬಲ, ಹಣದ್ದು, ಜಾತಿಯದ್ದು, ಇಲ್ಲವೇ ಇನ್‌ಸ್ಟಾಗ್ರಾಮ್‌ನಲ್ಲಿ ಫಾಲೋ ಮಾಡುವವರ ಸಂಖ್ಯೆಯದ್ದು. ಅದು ಬೇಕೆಂದೇ ನಡೆಯುತ್ತದೆ, ಮತ್ತೆ ಮತ್ತೆ ನಡೆಯುತ್ತದೆ. ಈ ಮೂರು ಗುರುತುಗಳನ್ನು ಹಾಕಿಕೊಟ್ಟವರು ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್. 1970ರ ದಶಕದಿಂದ ಅವರು ನಡೆಸಿದ ಅಧ್ಯಯನದಿಂದ, 1983ರಲ್ಲಿ ಅಲ್ಲಿನ ಬರ್ಗೆನ್ ನಗರದ ಶಾಲೆಗಳಲ್ಲಿ ಆರಂಭಿಸಿದ ಕೆಲಸದಿಂದ ಈ ವಿಷಯಕ್ಕೆ ಒಂದು ಶಾಸ್ತ್ರ ಬಂತು.

ನಮ್ಮ ಕಡೆ ಎರಡಕ್ಕೂ ಒಂದೇ ಮದ್ದು: ರಾಜಿ. ಹೆಡ್‌ಮಾಸ್ತರರ ಕೋಣೆಗೆ ಇಬ್ಬರನ್ನೂ ಕರೆಸುವುದು, "ಇಬ್ರೂ ಕೈ ಕೊಡ್ರಿ, ಇನ್ನೊಮ್ಮಿ ಹಿಂಗ ಮಾಡಬ್ಯಾಡ್ರಿ" ಎಂದು ಹೇಳಿ ಕಳಿಸುವುದು. ಓಣಿಯಲ್ಲಾದರೆ ಹಿರಿಯರು ಗುಡಿಯ ಕಟ್ಟೆಗೆ ಕೂಡಿಸುತ್ತಾರೆ. ಜಗಳಕ್ಕೆ ಇದು ನಡೆಯುತ್ತದೆ. ಕಾಟಕ್ಕೆ ಇದು ವಿಷ. ಮೂರು ತಿಂಗಳಿಂದ ಹಣ ಕೀಳುತ್ತಿದ್ದವನ ಎದುರಿಗೇ ಸಣ್ಣವನನ್ನು ನಿಲ್ಲಿಸಿ "ಏನಾತು ಹೇಳು" ಎಂದರೆ ಅವನು ಏನು ಹೇಳಿಯಾನು? "ಏನಿಲ್ರೀ, ಸುಮ್ನ ಚಾಷ್ಟಿ ಮಾಡಾಕತ್ತಿದ್ವಿ" ಎನ್ನುತ್ತಾನೆ. ಹಿರಿಯರು ನಿಶ್ಚಿಂತರಾಗುತ್ತಾರೆ. ಹೊರಗೆ ಬಂದ ಮೇಲೆ ಹೇಳಿದ್ದಕ್ಕೆ ದಂಡ ಬೇರೆ ಬೀಳುತ್ತದೆ. ಇಲ್ಲಿಂದ ದಾರಿ ಎರಡು: ಹುಡುಗ ಶಾಲೆ ಬಿಡುತ್ತಾನೆ, ಅಥವಾ ಅಡುಗೆಮನೆಯ ಚಾಕು ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಚಾಕು ಹಿಡಿದು ಬರುವ ಹುಡುಗರಲ್ಲಿ ಮೆರೆಯಲು ತಂದವರೂ ಇದ್ದಾರೆ, ಆದರೆ ಅಂಜಿ ತಂದವರು ಸಾಕಷ್ಟು ಮಂದಿ. ಹಿರಿಯರ ಬಳಿ ಹೋಗಿ ಪ್ರಯೋಜನವಿಲ್ಲ ಎಂದು ಅವರಿಗೆ ಒಮ್ಮೆ ಖಾತ್ರಿಯಾಗಿರುತ್ತದೆ. ಆ ಖಾತ್ರಿ ಹುಟ್ಟುವುದು ರಾಜಿಯ ಕೋಣೆಯಲ್ಲಿ.

ಹಾಗಾದರೆ ವಿಚಾರಣೆ ಹೇಗೆ ಮಾಡಬೇಕು? ಕಾಟ ತಿಂದವನನ್ನು ಒಬ್ಬನನ್ನೇ, ಬೇರೆ ನೆಪ ಹೇಳಿ ಕರೆಸಬೇಕು. ಏನು, ಎಲ್ಲಿ, ಯಾವಾಗ, ಯಾರು ನೋಡಿದರು: ನಾಲ್ಕೇ ಪ್ರಶ್ನೆ. "ನೀನೇನು ಮಾಡಿದ್ದಿ ಮತ್ತ?" ಎಂಬುದು ಆ ದಿನ ಬಾಯಿಗೆ ಬರಬಾರದು. ಆಮೇಲೆ ಕಾಟ ಕೊಟ್ಟ ಗುಂಪಿನವರನ್ನು ಅದೇ ದಿನ, ಒಬ್ಬೊಬ್ಬರನ್ನಾಗಿ, ಒಬ್ಬರ ಬೆನ್ನಿಗೆ ಒಬ್ಬರಂತೆ ಕರೆಯಬೇಕು. ನಡುವೆ ಮಾತಾಡಿಕೊಂಡು ಒಂದೇ ಕಥೆ ಕಟ್ಟಲು ಸಂದು ಸಿಗಬಾರದು. ಮೊದಲು ಕರೆಯಬೇಕಾದದ್ದು ನಾಯಕನನ್ನಲ್ಲ, ಬಾಲ ಹಿಡಿದು ಹೋಗುವವನನ್ನು. ಅವನೇ ಬೇಗ ಬಾಯಿ ಬಿಡುತ್ತಾನೆ. ಯಾರು ಹೇಳಿದರು ಎಂಬುದನ್ನು ಕೊನೆಯ ತನಕ ಹೇಳಕೂಡದು. "ಮಾಸ್ತರ್ ನೋಡ್ಯಾರ" ಎಂದಷ್ಟೇ ಇರಲಿ. ಶಿಕ್ಷೆಯ ಬದಲು ಮೂರು ಕಟ್ಟುಪಾಡು ಬರೆಸಿಕೊಳ್ಳಿ: ಕಿತ್ತ ಹಣ ಅಥವಾ ವಸ್ತು ಇಂಥ ದಿನದೊಳಗೆ ಪಾಲಕರ ಕೈಯಿಂದ ವಾಪಸು, ಬಿಡುವಿನ ವೇಳೆ ಎರಡು ವಾರ ಇಂಥ ಜಾಗದಲ್ಲೇ, ಆ ಹುಡುಗನ ಹತ್ತಿರ ತಾನೂ ಹೋಗುವಂತಿಲ್ಲ, ಗೆಳೆಯರನ್ನೂ ಕಳಿಸುವಂತಿಲ್ಲ. ಪಾಲಕರ ಸಹಿ ಇರಲಿ. ಕೋಲು ಬೇಡ. ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂಬುದು ಒಂದು ಕಾರಣ. ಹೊಡೆಸಿಕೊಂಡವನು ಆ ಏಟನ್ನು ತನಗಿಂತ ಸಣ್ಣವನಿಗೆ ದಾಟಿಸುತ್ತಾನೆ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಆಮೇಲಿನ ಕೆಲಸದಲ್ಲೇ ಹೆಚ್ಚಿನ ಶಾಲೆಗಳು ಎಡವುವುದು. ಎರಡನೇ ದಿನ ಕೇಳಿದರೆ ಹುಡುಗ "ಎಲ್ಲಾ ಛಲೋ ಐತ್ರಿ ಸರ್" ಎನ್ನುತ್ತಾನೆ, ಕಡತ ಮುಚ್ಚುತ್ತದೆ. ಕಾಟ ಮರಳುವುದು ಎಲ್ಲರೂ ಮರೆತ ಮೇಲೆ, ಎರಡು-ಮೂರು ವಾರ ಕಳೆದು. ಹೀಗಾಗಿ ಎರಡನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ ಎಂದು ನೋಂದಣಿ ಪುಸ್ತಕದಲ್ಲಿ ಆಗಲೇ ಬರೆದಿಟ್ಟುಕೊಂಡು ಮತ್ತೆ ಮಾತಾಡಿಸಬೇಕು. ತರಗತಿಯಿಂದ ಹೆಸರು ಕೂಗಿ ಕರೆಸಿದರೆ ಎಲ್ಲರಿಗೂ ಗೊತ್ತಾಗುತ್ತದೆ. "ಹಾಜರಿ ಪುಸ್ತಕ ತಗೊಂಡು ಬಾ" ಎಂದು ಹೇಳಿ ಕಳಿಸಿದರೆ ವರಾಂಡದಲ್ಲಿ ಎರಡು ನಿಮಿಷ ಸಿಗುತ್ತದೆ, ಅಷ್ಟು ಸಾಕು. ಪುಸ್ತಕಕ್ಕೆ ನೂರು ಪುಟದ ಉದ್ದ ನೋಟ್‌ಬುಕ್ ಸಾಲುತ್ತದೆ: ದಿನಾಂಕ, ಜಾಗ, ನಡೆದದ್ದು, ಕಂಡವರು, ಕೈಗೊಂಡ ಕ್ರಮ, ಮೂರು ಮರುಭೇಟಿಯ ತಾರೀಖು. ಬೀಗದ ಕಪಾಟಿನಲ್ಲಿರಲಿ.

ಕಾಟಕ್ಕೆ ಜಾಗ ಮತ್ತು ಹೊತ್ತು ಗೊತ್ತಾಗಿರುತ್ತವೆ. ಅದನ್ನು ಪತ್ತೆ ಹಚ್ಚುವ ಅಗ್ಗದ ಉಪಾಯ ಒಂದಿದೆ. ಶಾಲೆಯ ಮತ್ತು ಸುತ್ತಲಿನ ರಸ್ತೆಯ ನಕ್ಷೆಯನ್ನು ಕೈಯಿಂದ ಬರೆದು ಜೆರಾಕ್ಸ್ ಮಾಡಿಸಿ. ಗೇಟು, ನೀರಿನ ನಲ್ಲಿ, ಬಿಸಿಯೂಟದ ಸಾಲು, ಸೈಕಲ್ ನಿಲ್ಲಿಸುವ ಜಾಗ, ಶೌಚಾಲಯ, ಬಸ್ ನಿಲುಗಡೆ, ಗಿರಮಿಟ್ಟಿನ ಗಾಡಿ, ಖಾಲಿ ಪ್ಲಾಟು ಎಲ್ಲ ಕಾಣಬೇಕು. ಪ್ರತಿ ಮಗುವಿಗೂ ಒಂದು ಹಾಳೆ ಕೊಟ್ಟು, ಅಂಜಿಕೆ ಆಗುವ ಜಾಗಕ್ಕೆ ಪೆನ್ಸಿಲ್‌ನಿಂದ ಗುರುತು ಮಾಡಿ ಮಡಚಿ ಡಬ್ಬಿಗೆ ಹಾಕಲು ಹೇಳಿ. ಹೆಸರು ಬೇಡ; ತರಗತಿ, ಹುಡುಗ ಅಥವಾ ಹುಡುಗಿ, ಹೊತ್ತು ಮಾತ್ರ. ಆಮೇಲೆ ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ಅದೇ ನಕ್ಷೆ ಬರೆದು, ಹುಡುಗಿಯರ ಗುರುತಿಗೆ ಕೆಂಪು ಟಿಕಳಿ (ಬಿಂದಿ), ಹುಡುಗರದಕ್ಕೆ ಕಪ್ಪು ಟಿಕಳಿ ಅಂಟಿಸಿ. ಎರಡರ ಗುಂಪು ಬೇರೆ ಬೇರೆ ಕಡೆ ಕೂಡುತ್ತದೆ. ಹುಡುಗರ ಟಿಕಳಿ ನಲ್ಲಿ ಮತ್ತು ಶೌಚಾಲಯದ ಸುತ್ತ ಬಿದ್ದರೆ ಹುಡುಗಿಯರದು ಗೇಟಿನಾಚೆ ಬೀಳುವುದು ಸಾಮಾನ್ಯ. ಇದನ್ನು ಕೆಡಿಸುವ ರೀತಿಯೂ ಗೊತ್ತಿರಲಿ: ದೊಡ್ಡ ಶೀಟನ್ನೇ ತರಗತಿಯ ಮುಂದೆ ನೇತು ಹಾಕಿ ಒಬ್ಬೊಬ್ಬರನ್ನೇ ಕರೆದು ಅಂಟಿಸಲು ಹೇಳಿದರೆ ಒಂದು ಟಿಕಳಿಯೂ ನಿಜವಾದ ಜಾಗಕ್ಕೆ ಬೀಳುವುದಿಲ್ಲ.

ಟಿಕಳಿ ದಟ್ಟವಾಗಿರುವ ಮೂರು ಜಾಗಕ್ಕೆ ಬಿಡುವಿನ ವೇಳೆ ದೊಡ್ಡವರೊಬ್ಬರು ನಿಲ್ಲಬೇಕು. ಕುರ್ಚಿ ಹಾಕಿಕೊಂಡು ಕೂತರೆ ಕಾಟ ಹತ್ತು ಹೆಜ್ಜೆ ಆಚೆ ಸರಿಯುತ್ತದೆ. ಓಡಾಡುತ್ತಿರಬೇಕು, ಒಂದೇ ಹೊತ್ತಿಗೆ ಒಂದೇ ಕಡೆ ಹೋಗುವ ರೂಢಿ ಬೀಳಬಾರದು. ಶಿಕ್ಷಕರು ಕಡಿಮೆ ಇರುವ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ಬಿಸಿಯೂಟದ ಅಕ್ಕಂದಿರು ಸರದಿ ಹಂಚಿಕೊಳ್ಳಬಹುದು. ಬಿಸಿಯೂಟದ ಅಕ್ಕಂದಿರಿಗೆ ಯಾರ ತಟ್ಟೆಯಿಂದ ಯಾರು ಮೊಟ್ಟೆ ಎತ್ತಿಕೊಳ್ಳುತ್ತಾರೆ ಎಂಬುದು ಮಾಸ್ತರರಿಗಿಂತ ಮೊದಲೇ ಗೊತ್ತಿರುತ್ತದೆ, ಆದರೆ ಅವರನ್ನು ಯಾರೂ ಕೇಳುವುದಿಲ್ಲ. ವಸತಿ ನಿಲಯಗಳಲ್ಲಿ ಕೆಟ್ಟ ಹೊತ್ತು ರಾತ್ರಿ ಹಾಜರಿ ಆದ ಮೇಲಿನದು. ಒಂದು ಕೋಣೆಯಲ್ಲಿ ಎಂಟನೇ ತರಗತಿಯವರನ್ನೂ ಪಿಯು ಹುಡುಗರನ್ನೂ ಸೇರಿಸಿ ಇಡುವುದನ್ನು ಮೊದಲು ನಿಲ್ಲಿಸಬೇಕು.

ದೂರು ಪೆಟ್ಟಿಗೆ ಬಹಳಷ್ಟು ಶಾಲೆಗಳಲ್ಲಿದೆ. ಹೆಡ್‌ಮಾಸ್ತರರ ಬಾಗಿಲ ಪಕ್ಕ, ಎಲ್ಲರ ಕಣ್ಣೆದುರು. ಅದಕ್ಕೆ ಚೀಟಿ ಹಾಕಿದವನ ಹೆಸರು ಸಂಜೆಯೊಳಗೆ ಶಾಲೆಗೆಲ್ಲ ಗೊತ್ತಾಗುತ್ತದೆ. ಪ್ರತಿ ಶನಿವಾರ ಎಲ್ಲ ಮಕ್ಕಳೂ ಒಂದೊಂದು ಚೀಟಿ ಹಾಕಲೇಬೇಕು ಎಂದು ಮಾಡಿ. ಹೇಳಲು ಏನೂ ಇಲ್ಲದವರು ವಾರದ ಪಾಠದ ಬಗ್ಗೆ ಎರಡು ಸಾಲು ಬರೆಯಲಿ. ಎಲ್ಲರೂ ಬರೆಯುವಾಗ ಬರೆದವನು ಯಾರು ಎಂಬ ಪ್ರಶ್ನೆ ಹುಟ್ಟುವುದಿಲ್ಲ. ಪೆಟ್ಟಿಗೆಯನ್ನು ಅದೇ ದಿನ ಇಬ್ಬರು ಕೂಡಿ ತೆರೆಯಬೇಕು, ಒಬ್ಬರು ಮಹಿಳೆ ಇರಬೇಕು. ಲೈಂಗಿಕ ಕಿರುಕುಳದ ಸುಳಿವು ಸಿಕ್ಕರೆ ಶಾಲೆಯೊಳಗೆ ವಿಚಾರಣೆ ನಡೆಸುತ್ತ ಕೂರುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಶಿಕ್ಷೆ ಇದೆ.

ನಿಂತು ನೋಡುವ ಮಕ್ಕಳ ವಿಷಯ. ಕೆನಡಾದ ಟೊರಾಂಟೊದ ಶಾಲೆಗಳ ಮೈದಾನದಲ್ಲಿ ಕ್ಯಾಮೆರಾ ಇಟ್ಟು ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜೊತೆಯ ಮಕ್ಕಳು ನಡುವೆ ಬಂದಾಗ ಅರ್ಧಕ್ಕೂ ಹೆಚ್ಚು ಸಲ ಕಾಟ ಹತ್ತು ಸೆಕೆಂಡಿನೊಳಗೆ ನಿಂತಿತ್ತು. ಹಾಗೆಂದು ಸಣ್ಣ ಮಕ್ಕಳಿಗೆ "ಹೋಗಿ ಬಿಡಿಸ್ರಿ" ಎನ್ನಬಾರದು, ಅವರಿಗೂ ಏಟು ಬೀಳುತ್ತದೆ. ಕಲಿಸಬೇಕಾದದ್ದು ಕಾಟ ತಿನ್ನುವವನನ್ನು ಅಲ್ಲಿಂದ ಎಬ್ಬಿಸಿ ಕರೆದೊಯ್ಯುವ ಮಾತು: "ಬಾರೋ, ಪಿಟಿ ಸರ್ ಕರಿಯಾಕತ್ತಾರ." ಕೈ ಹಿಡಿದು ಜನ ಇರುವ ಕಡೆ ನಡೆದುಬಿಡುವುದು. ಇದನ್ನು ತರಗತಿಯಲ್ಲಿ ನಾಟಕದ ಹಾಗೆ ನಾಲ್ಕು ಸಲ ಆಡಿಸಿದರೆ ಹೊತ್ತಿಗೆ ಬಾಯಿಗೆ ಬರುತ್ತದೆ. ಮೊಬೈಲ್ ಎತ್ತಿ ವಿಡಿಯೊ ಮಾಡುತ್ತ ನಿಂತವನು ಹೊಡೆತದಲ್ಲಿ ಪಾಲುದಾರ ಎಂಬುದನ್ನೂ ಮುಚ್ಚುಮರೆ ಇಲ್ಲದೆ ಹೇಳಬೇಕು. ಎಷ್ಟೋ ಸಲ ಹೊಡೆತ ನಡೆಯುವುದೇ ಆ ವಿಡಿಯೊಗಾಗಿ.

ಆ ವಿಡಿಯೊ, ಸ್ಟೇಟಸ್, ಗ್ರೂಪಿನ ಬೈಗುಳ ಕೈಗೆ ಸಿಕ್ಕ ಪಾಲಕರು ಸಿಟ್ಟಿನಲ್ಲಿ ಅಳಿಸಿಬಿಡುತ್ತಾರೆ. ಅಳಿಸಬೇಡಿ. ಖಾತೆಯ ಹೆಸರು, ದಿನಾಂಕ, ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಲಿಂಕ್ ನಕಲಿಸಿಟ್ಟು, ಆಮೇಲೆ ಆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ. ಉತ್ತರ ಕೊಡಬೇಡಿ, ಮತ್ತೊಬ್ಬರಿಗೆ ಕಳಿಸಬೇಡಿ. ಮಕ್ಕಳ ಅಶ್ಲೀಲ ಚಿತ್ರ ಅಥವಾ ವಿಡಿಯೊ ಆದರೆ ನಕಲು ಮಾಡಿಕೊಳ್ಳುವುದೂ ಮುಂದಕ್ಕೆ ಕಳಿಸುವುದೂ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಅಡಿ ಅಪರಾಧ. ಆ ಫೋನನ್ನು ಹಾಗೆಯೇ ಪೊಲೀಸರಿಗೆ ತೋರಿಸುವುದು ಸರಿಯಾದ ದಾರಿ.

ಮನೆಯವರಿಗೆ ಕಾಣುವ ಗುರುತುಗಳು: ಮನೆಗೆ ಬಂದವನೇ ಚೀಲ ಒಗೆದು ಶೌಚಾಲಯಕ್ಕೆ ಓಡುವುದು (ಶಾಲೆಯ ಶೌಚಾಲಯಕ್ಕೆ ಹೋಗಲು ಅಂಜಿ ದಿನವಿಡೀ ತಡೆದುಕೊಂಡಿರುತ್ತಾನೆ), ಹತ್ತಿರದ ದಾರಿ ಬಿಟ್ಟು ಸುತ್ತು ಹಾಕಿ ಬರುವುದು, ಕಿಸೆ ಹರಿದಿರುವುದು, ಭಾನುವಾರ ರಾತ್ರಿ ಹೊಟ್ಟೆನೋವು, ಡಬ್ಬಿಯಲ್ಲಿ ಹಣ ಕಡಿಮೆಯಾಗುವುದು. ಒಂದೇ ಗುರುತಿನಿಂದ ತೀರ್ಮಾನಕ್ಕೆ ಬರಬೇಡಿ. ಎರಡು-ಮೂರು ಕೂಡಿ ಬಂದರೆ ಶಾಲೆಗೆ ಹೋಗಿ. ಹುಡುಗನ ಕೈ ಹಿಡಿದು ಗೇಟಿನಲ್ಲೇ ಕೂಗಾಡುವುದಲ್ಲ, ಶಾಲೆ ಬಿಟ್ಟ ಮೇಲೆ ನೀವೊಬ್ಬರೇ. ಕಾಟ ಕೊಟ್ಟವನ ಮನೆಗೆ ನೇರವಾಗಿ ನುಗ್ಗಿದರೆ ಮಕ್ಕಳ ಮಾತು ದೊಡ್ಡವರ ಹೊಡೆದಾಟವಾಗುತ್ತದೆ, ಜಾತಿಗೋ ಧರ್ಮಕ್ಕೋ ತಿರುಗಿದರೆ ಓಣಿಯೇ ಎರಡಾಗುತ್ತದೆ. ನಿಮ್ಮ ಮಗನೇ ಕಾಟ ಕೊಡುವವನೆಂದು ತಿಳಿದರೆ ಅಲ್ಲಗಳೆಯುವ ಮುಂಚೆ ಅವನ ಹತ್ತಿರ ಹೊಸದಾಗಿ ಬಂದ ಶೂ, ಇಯರ್‌ಫೋನ್, ಹಣಕ್ಕೆ ಲೆಕ್ಕ ಕೇಳಿ.

ಶಾಲೆಯಲ್ಲಿ ಚಾಕು ಸಿಕ್ಕರೆ? ಕಸಿದುಕೊಳ್ಳಲು ಮುಗಿಬೀಳಬೇಡಿ. ಹುಡುಗನಿಗೆ ಸಲುಗೆ ಇರುವ ಒಬ್ಬರೇ ಅವನನ್ನು ಖಾಲಿ ಕೋಣೆಗೆ ಕರೆದು ಮೇಜಿನ ಮೇಲೆ ಇಡಲು ಹೇಳಬೇಕು, ಮತ್ತೊಬ್ಬರು ಬಾಗಿಲ ಹೊರಗಿರಲಿ. "ಯಾಕ ತಂದಿ?" ಎಂದರೆ ಸುಳ್ಳು ಬರುತ್ತದೆ. "ಯಾರ ಅಂಜಿಕಿಗೆ ತಂದಿ?" ಎಂದು ಕೇಳಿ, ಹಿಂದಿನ ಕಥೆ ಹೊರಗೆ ಬರುವುದು ಆಗ. ಪ್ರಾರ್ಥನೆಯ ವೇಳೆ ಎಲ್ಲರೆದುರು ನಿಲ್ಲಿಸಿದರೆ ಅವನು ಗುಂಪಿನ ಕಣ್ಣಿಗೆ ಹೀರೊ ಆಗುತ್ತಾನೆ. ಪಾಲಕರಿಗೂ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೂ ಅಂದೇ ತಿಳಿಸಬೇಕು. ಇರಿತ ಆಗಿಬಿಟ್ಟಿದ್ದರೆ ನೆಟ್ಟ ಚಾಕುವನ್ನು ಎಂದೂ ಹೊರಗೆಳೆಯಬಾರದು. ಅದರ ಸುತ್ತ ಬಟ್ಟೆ ಒತ್ತಿ ಅಲುಗದಂತೆ ಹಿಡಿಯಬೇಕು. ಚಾಕು ಹೊರಬಂದಿದ್ದರೆ ಚೊಕ್ಕ ಬಟ್ಟೆಯಿಂದ ಗಾಯದ ಮೇಲೆ ಬಲವಾಗಿ ಒತ್ತಿ ಹಿಡಿದು, ನಡುನಡುವೆ ಎತ್ತಿ ನೋಡದೆ, 108 ಬರುವ ತನಕ ಬಿಡಬಾರದು.

ಹೊಡೆದಾಟದ ನಂತರದ ಎರಡು-ಮೂರು ದಿನ ಓಣಿಗೆ ಅತಿ ಅಪಾಯದವು. ಸೇಡಿನ ಮಾತು ಹುಟ್ಟುವುದು ಆಸ್ಪತ್ರೆಯ ಅಂಗಳದಲ್ಲಿ, ಗಾಯವಾದವನ ಗೆಳೆಯರು ಗುಂಪುಗೂಡಿದಲ್ಲಿ. ಅಮೆರಿಕದ ಶಿಕಾಗೊದಲ್ಲಿ 2000ನೇ ಇಸವಿಯಿಂದ ಸಾಂಕ್ರಾಮಿಕ ರೋಗತಜ್ಞ ಗ್ಯಾರಿ ಸ್ಲಟ್ಕಿನ್ ಕಟ್ಟಿದ ಕಾರ್ಯಕ್ರಮ ಇದೇ ಗಳಿಗೆಯನ್ನು ಹಿಡಿಯುತ್ತದೆ: ಅದೇ ಓಣಿಯ, ಹುಡುಗರು ಮಾತು ಕೇಳುವ ವ್ಯಕ್ತಿ ಮೊದಲ ರಾತ್ರಿಯೇ ಅಲ್ಲಿ ಹೋಗಿ ಕೂರುತ್ತಾನೆ. ನಮ್ಮಲ್ಲಿ ಆ ವ್ಯಕ್ತಿ ಕಬಡ್ಡಿ ಕೋಚ್ ಇರಬಹುದು, ಜಿಮ್‌ನವರು ಇರಬಹುದು, ಗಣೇಶ ಮಂಡಳಿಯ ಹಿರಿಯ ಹುಡುಗ ಇರಬಹುದು, ಸೋದರಮಾವ ಇರಬಹುದು. ಪುಢಾರಿಗಳು ಬೇಡ, ಅವರು ಬಂದರೆ ಹಿಂದೆ ಪಕ್ಷವೂ ಬರುತ್ತದೆ. ಎರಡು ಕಡೆಯವರನ್ನೂ ಬೇರೆ ಬೇರೆ ಭೇಟಿಯಾಗಿ ಸ್ಟೇಟಸ್ ಅಳಿಸಲು ಒಪ್ಪಿಸುವುದು (ನಕಲು ತೆಗೆದಿಟ್ಟ ಮೇಲೆ), ಹೆಚ್ಚು ಕುದಿಯುತ್ತಿರುವ ಒಬ್ಬಿಬ್ಬರನ್ನು ಪಾಲಕರಿಗೆ ಹೇಳಿ ಪರವೂರಿನ ನೆಂಟರ ಮನೆಗೆ ನಾಲ್ಕು ದಿನ ಕಳಿಸುವುದು, ಮುಖಾಮುಖಿ ಮಾತುಕತೆ ಆಮೇಲೆ. ಹಣ ಕೊಟ್ಟು ಮುಗಿಸುವ ರಾಜಿಯಿಂದ ಹುಡುಗನಿಗೆ ತಿಳಿಯುವುದು ಇಷ್ಟೇ: ಇರಿತಕ್ಕೆ ಇಷ್ಟು ದರ.

ಇಂಥ ಕಿಡಿ ಹಾರುವ ದಿನಗಳೂ ಗೊತ್ತಿರುವಂಥವೇ: ಗಣೇಶ ವಿಸರ್ಜನೆ, ರಂಗಪಂಚಮಿ, ಎಸ್ಸೆಸ್ಸೆಲ್ಸಿ ಕೊನೆಯ ಪರೀಕ್ಷೆಯ ಮಧ್ಯಾಹ್ನ, ಕಾಲೇಜಿನ ಗ್ಯಾದರಿಂಗ್, ಟೆನಿಸ್ ಬಾಲ್ ಟೂರ್ನಿಯ ಫೈನಲ್. ಟೂರ್ನಿಗೆ ಬೇರೆ ಬಡಾವಣೆಯ ಅಂಪೈರ್ ತಂದು, ಪಣದ ಹಣ ಬಿಟ್ಟು, ಹೊತ್ತು ಮುಳುಗುವ ಮೊದಲೇ ಆಟ ಮುಗಿಸಿದರೆ ಅರ್ಧ ಗಲಾಟೆ ಹುಟ್ಟುವುದೇ ಇಲ್ಲ.

ಪೊಲೀಸರ ಹತ್ತಿರ ಹೋದರೆ ಹುಡುಗನ ಭವಿಷ್ಯ ಹಾಳಾಗುತ್ತದೆ ಎಂಬ ಅಂಜಿಕೆಯಿಂದ ಎಷ್ಟೋ ಮಂದಿ ಬಾಯಿ ಮುಚ್ಚುತ್ತಾರೆ. ಕಾನೂನು ಹಾಗಿಲ್ಲ. 2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. 18 ತುಂಬದವರನ್ನು ಲಾಕಪ್‌ಗೆ ಹಾಕುವಂತಿಲ್ಲ. ವಶಕ್ಕೆ ಪಡೆದರೆ 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. 2016ರ ಮಾದರಿ ನಿಯಮಗಳಂತೆ ಘೋರ ಅಪರಾಧ ಅಥವಾ ವಯಸ್ಕರ ಜೊತೆ ಸೇರಿ ಮಾಡಿದ ಅಪರಾಧ ಬಿಟ್ಟರೆ ಎಫ್‌ಐಆರ್ ಇಲ್ಲ, ಠಾಣೆಯ ದಿನಚರಿಯಲ್ಲಿ ದಾಖಲಿಸಿ ಮಗುವಿನ ಸಾಮಾಜಿಕ ಹಿನ್ನೆಲೆಯ ವರದಿ ಮಾಡುತ್ತಾರೆ. ಹೆಸರು, ಫೋಟೊ, ಶಾಲೆಯ ಗುರುತು ಪ್ರಕಟಿಸುವುದನ್ನು 74ನೇ ಸೆಕ್ಷನ್ ನಿಷೇಧಿಸುತ್ತದೆ. ನಿಮ್ಮ ಪತ್ರಿಕೆಯ ವರದಿಗಾರರೂ, ವಾಟ್ಸ್ಆ್ಯಪ್‌ನಲ್ಲಿ ಹಂಚುವವರೂ ಇದನ್ನು ಗಮನಿಸಬೇಕು. 16 ದಾಟಿದವನು ಘೋರ ಅಪರಾಧ ಮಾಡಿದರೆ ವಯಸ್ಕನಂತೆ ವಿಚಾರಣೆ ನಡೆಯುವ ಸಾಧ್ಯತೆ ಇದೆ. ಹೀಗಾಗಿ ಕಾಟ ಇನ್ನೂ ಧಮಕಿಯ ಮಟ್ಟದಲ್ಲಿ ಇದ್ದಾಗಲೇ ದೂರು ಕೊಡುವುದು ಕಾಟ ಕೊಡುವ ಹುಡುಗನಿಗೂ ಒಳ್ಳೆಯದು.

ನೋಡಲು ಭರ್ಜರಿ, ಫಲ ಮಾತ್ರ ಉಲ್ಟಾ ಎನ್ನುವಂಥ ಮೂರು ಕ್ರಮಗಳಿವೆ. ತುಂಟ ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವುದನ್ನು ಅಮೆರಿಕದಲ್ಲಿ ವರ್ಷಗಟ್ಟಲೆ ಮಾಡಿ ಅಳೆದು ನೋಡಿದ್ದಾರೆ. ಹೋಗಿ ಬಂದವರು ಹೋಗದವರಿಗಿಂತ ಹೆಚ್ಚು ಅಪರಾಧ ಮಾಡಿದರು. ಜಗಳಗಂಟರನ್ನೆಲ್ಲ ಒಂದೇ ಶಿಬಿರಕ್ಕೆ ಕೂಡಿಸಿದರೆ ಒಬ್ಬರಿಂದ ಒಬ್ಬರು ಕಲಿಯುತ್ತಾರೆ. ಟಿ.ಸಿ. ಕೊಟ್ಟು ಕಳಿಸಿದರೆ ಹುಡುಗ ಗೇಟಿನ ಹೊರಗೆ ಅದೇ ಮಕ್ಕಳಿಗಾಗಿ ಕಾಯುತ್ತ ನಿಲ್ಲುತ್ತಾನೆ, ಎಂಟನೇ ತರಗತಿಯ ತನಕ ಹಾಗೆ ಹೊರಹಾಕಲು ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಅವಕಾಶವಿಲ್ಲ.

ಸಿಟ್ಟು ತಡೆಯಲಾಗದ, ನಿದ್ದೆಗೆಟ್ಟ, ಸಾಯುವ ಮಾತಾಡುವ ಮಕ್ಕಳಿಗೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮನಸ್ 14416ಕ್ಕೆ ಹಗಲು-ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ತುರ್ತಿಗೆ 112. ಈ ನಾಲ್ಕೂ ಸಂಖ್ಯೆ, 108 ಸೇರಿ, ಶೌಚಾಲಯದ ಬಾಗಿಲ ಒಳಬದಿಗೆ ಬರೆಸಿ. ನೋಟಿಸ್ ಬೋರ್ಡಿನ ಮುಂದೆ ನಿಂತು ಸಂಖ್ಯೆ ಬರೆದುಕೊಳ್ಳಲು ಕಾಟ ತಿನ್ನುವ ಮಗುವಿಗೆ ಧೈರ್ಯ ಇರುವುದಿಲ್ಲ.

ಅಧಿಕಾರಿಗಳಲ್ಲಿ ನಮ್ಮ ಕೋರಿಕೆ ಇವು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಶಾಲಾ ಶಿಕ್ಷಣ ಉಪನಿರ್ದೇಶಕರು ಮರುಭೇಟಿಯ ನೋಂದಣಿ ಪುಸ್ತಕವನ್ನು ಶಾಲಾ ತಪಾಸಣೆಯ ಪಟ್ಟಿಗೆ ಸೇರಿಸಲಿ. ದೂರು ಎಷ್ಟು ಬಂತು ಎಂದು ಎಣಿಸಿ ಶಾಲೆಗೆ ಕೆಟ್ಟ ಹೆಸರು ಕೊಟ್ಟರೆ ಮಾತ್ರ ಪುಸ್ತಕ ಖಾಲಿ ಉಳಿಯುತ್ತದೆ, ಮರುಭೇಟಿ ಆಗಿದೆಯೇ ಎಂದಷ್ಟೇ ನೋಡಲಿ. ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಗೆ ಮುನ್ನ ಅಂಜಿಕೆಯ ಜಾಗದ ನಕ್ಷೆ ತರಿಸಿಕೊಳ್ಳಲಿ. ಪೊಲೀಸ್ ಇಲಾಖೆ ಪ್ರತಿ ಶಾಲೆಯಲ್ಲಿ ಆ ಠಾಣೆಯ ಮಕ್ಕಳ ಕಲ್ಯಾಣ ಅಧಿಕಾರಿಯ ಹೆಸರು, ಫೋನ್ ಹಾಕಿಸಲಿ, ವರ್ಗಾವಣೆ ಆದಾಗ ಬದಲಿಸಲಿ. ಮಹಾನಗರ ಪಾಲಿಕೆ ಶಾಲೆಗಳ ಹಿಂದಿನ ಖಾಲಿ ಪ್ಲಾಟಿನ ಜಾಲಿ ಕಡಿಸಿ ದೀಪ ಹಾಕಿಸಲಿ. ಕುಂದಗೋಳ, ಕಲಘಟಗಿ, ನವಲಗುಂದ, ಅಣ್ಣಿಗೇರಿ ಕಡೆಯಿಂದ ಓದಲು ಬರುವ ಮಕ್ಕಳು ಸಂಜೆ ಬಸ್ಸಿಗಾಗಿ ನಿಲ್ದಾಣದಲ್ಲಿ ಬಹಳ ಹೊತ್ತು ಕಾಯುತ್ತಾರೆ, ಕಾಟಕ್ಕೂ ಜಗಳಕ್ಕೂ ಅಲ್ಲಿ ಬೇಕಾದಷ್ಟು ಹೊತ್ತು ಸಿಗುತ್ತದೆ. ವಾಯವ್ಯ ಸಾರಿಗೆ ಸಂಸ್ಥೆ ಆ ಮಾರ್ಗಗಳ ಒಂದೊಂದು ಬಸ್ಸಿನ ವೇಳೆಯನ್ನು ಶಾಲೆ ಬಿಡುವ ಹೊತ್ತಿಗೆ ಹೊಂದಿಸಿ, ನಿಲ್ದಾಣದ ನಿಯಂತ್ರಕರಿಗೆ ಆ ಹೊತ್ತಿನಲ್ಲಿ ಮಕ್ಕಳು ನಿಲ್ಲುವ ಕಡೆ ಒಂದು ಸುತ್ತು ಹಾಕಲು ಹೇಳಲಿ.

ಇಂತಿ,
ಹೈಸ್ಕೂಲು, ಪಿಯು ಮಕ್ಕಳೊಂದಿಗೆ ಕೆಲಸ ಮಾಡುವ ಶಿಕ್ಷಕರು ಮತ್ತು ಆಪ್ತಸಮಾಲೋಚಕರು
ಹುಬ್ಬಳ್ಳಿ-ಧಾರವಾಡ